ಒಂದು ಸ್ಕೂಲ್ ಡಿಸ್ಟ್ರಿಕ್ಟ್, ನಾಲ್ಕು ಬೇರೆ ಬೇರೆ ತಲೆಎಣಿಕೆ

ಪ್ರಶ್ನೆ: ನನ್ನ ಪತಿ ವೈದ್ಯರು. ತರಬೇತಿಗೆ ಬಂದ ವಿದೇಶಿ ವೈದ್ಯರು ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ಜೆ-1 ವೀಸಾದ ನಿಯಮದಿಂದ ವಿನಾಯಿತಿ ಕೊಡುವ ಯೋಜನೆಯಡಿ ಅವರು ಮೂರು ವರ್ಷ ಅಮೆರಿಕದ ಅಯೋವಾ ರಾಜ್ಯದ ಈಶಾನ್ಯ ಭಾಗದ ಸಣ್ಣ ಊರೊಂದರಲ್ಲಿ ಕೆಲಸ ಮಾಡಬೇಕಿದೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ನ, ಅಂದರೆ ಸರ್ಕಾರಿ ಶಾಲೆಗಳ ಆಡಳಿತ ವಲಯದ, ಅಂಕಿಅಂಶ ನೋಡಿ ಗೊಂದಲಕ್ಕೆ ಬಿದ್ದಿದ್ದೇನೆ. ಶಾಲೆಯ ಮುಕ್ಕಾಲು ಪಾಲು ಮಕ್ಕಳು ಉಚಿತ ಅಥವಾ ರಿಯಾಯಿತಿ ಊಟದ ಪಟ್ಟಿಯಲ್ಲಿದ್ದಾರೆ. ಆದರೆ ಅದೇ ಡಿಸ್ಟ್ರಿಕ್ಟ್‌ನಲ್ಲಿ ಬಡ ಮಕ್ಕಳು ಏಳರಲ್ಲಿ ಒಬ್ಬರಷ್ಟೇ ಎನ್ನುತ್ತದೆ ಸೆನ್ಸಸ್. ಊರಿನಲ್ಲಿ ಬಿಳಿಯರು ಹೆಚ್ಚು, ಶಾಲೆಯಲ್ಲಿ ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಹೆಚ್ಚು. ಮನೆಗಳ ಆದಾಯವೂ ತೀರಾ ಕಡಿಮೆಯೇನಿಲ್ಲ. ಇವೆಲ್ಲ ಒಟ್ಟಿಗೆ ಹೇಗೆ ನಿಜವಾಗಲು ಸಾಧ್ಯ? ಇಂಥ ಶಾಲೆಗೆ ಮಕ್ಕಳನ್ನು ಸೇರಿಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಸೇರಿಸಬಹುದು. ನೀವು ಕೊಟ್ಟಿರುವ ಅಂಕಿಗಳಲ್ಲಿ ಯಾವುದೂ ಬೇಡ ಎನ್ನುವುದಕ್ಕೆ ಕಾರಣವಲ್ಲ. ಇನ್ನು ಮೊದಲನೆಯ ಪ್ರಶ್ನೆ. ಆ ಅಂಕಿಗಳೆಲ್ಲ ಒಟ್ಟಿಗೆ ನಿಜವಾಗಿರಬಹುದು, ಏಕೆಂದರೆ ಅವು ಒಂದೇ ಗುಂಪಿನ ಜನರ ಬಗ್ಗೆ ಹೇಳುತ್ತಿಲ್ಲ. ಒಂದು ಡಿಸ್ಟ್ರಿಕ್ಟ್‌ನ ಗಡಿಯೊಳಗೆ ವಾಸಿಸುವವರು ಒಂದು ಗುಂಪು. ಅಲ್ಲಿನ ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಕೂರುವ ಮಕ್ಕಳು ಇನ್ನೊಂದು. ಆ ಶಾಲೆಗೆ ಆಸ್ತಿ ತೆರಿಗೆ ಕಟ್ಟುವವರು ಮೂರನೆಯದು. ಶಾಲಾ ಮಂಡಳಿಗೆ ಮತ ಹಾಕುವವರು ನಾಲ್ಕನೆಯದು. ದೊಡ್ಡ ನಗರದಲ್ಲಿ ಈ ನಾಲ್ಕೂ ಗುಂಪುಗಳು ಒಂದರ ಮೇಲೊಂದು ಸ್ವಲ್ಪಮಟ್ಟಿಗಾದರೂ ಕೂರುತ್ತವೆ. ಎರಡು ಸಾವಿರ ಜನರ ಊರಿನಲ್ಲಿ, ಅದರಲ್ಲೂ ಮಾಂಸದ ಕಾರ್ಖಾನೆ ಇರುವ ಊರಿನಲ್ಲಿ, ಅವು ಒಂದನ್ನೊಂದು ಮುಟ್ಟದೆಯೂ ಇರಬಹುದು. ಯಾವ ಅಂಕಿ ಯಾವ ಗುಂಪಿನದು ಎಂದು ಮೊದಲು ಕೇಳಿಕೊಳ್ಳಬೇಕು. ಶಾಲೆಗಳಿಗೆ ಹತ್ತರಲ್ಲಿ ಇಷ್ಟು ಅಂಕ ಎಂದು ಹಂಚುವ ಜಾಲತಾಣಗಳು ಈ ಗೋಜಿಗೆ ಹೋಗುವುದಿಲ್ಲ.

ಕರ್ನಾಟಕದಲ್ಲಿ ಓದಿದವರಿಗೆ ಇಲ್ಲೊಂದು ವ್ಯತ್ಯಾಸ ಹೇಳಬೇಕು. ನಮ್ಮಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಎಂದರೆ ರಾಜ್ಯ ಇಲಾಖೆಯ ಕೊನೆಯ ಮೆಟ್ಟಿಲುಗಳಲ್ಲೊಂದು. ಶಿಕ್ಷಕರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ, ಶಾಲಾಭಿವೃದ್ಧಿ ಸಮಿತಿಗೆ ತೆರಿಗೆ ಹಾಕುವ ಅಧಿಕಾರ ಇಲ್ಲ. ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ಹಾಗಲ್ಲ, ಬಹುತೇಕ ರಾಜ್ಯಗಳಲ್ಲಿ ಅದೇ ಒಂದು ಪುಟ್ಟ ಸರ್ಕಾರ. ಅದಕ್ಕೆ ಚುನಾಯಿತ ಮಂಡಳಿ ಇದೆ, ತೆರಿಗೆ ವಿಧಿಸುವ ಹಕ್ಕಿದೆ, ತನ್ನದೇ ಗಡಿ ಇದೆ. ಅಯೋವಾದಲ್ಲಿ ಆ ಗಡಿ ಊರಿನ ಗಡಿಯೂ ಅಲ್ಲ, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಗಡಿಯೂ ಅಲ್ಲ. ಅಲ್ಲಿ 99 ಕೌಂಟಿಗಳಿದ್ದರೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಮುನ್ನೂರಕ್ಕೂ ಹೆಚ್ಚು.

ನೀವು ಊರಿನ ಹೆಸರು ಬರೆದಿಲ್ಲ, ನಾನೂ ಊಹಿಸುವುದಿಲ್ಲ. ಅದೇ ಸೀಮೆಯ ಪೋಸ್ಟ್‌ವಿಲ್ ಎಂಬ ಊರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಣ್ಣ ಗ್ರಾಮೀಣ ಡಿಸ್ಟ್ರಿಕ್ಟ್‌ನ ಜನ ಮತ್ತು ಹಣದ ಲೆಕ್ಕ ಎಷ್ಟು ವಿಚಿತ್ರವಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಊರು ಅಲಮಕೀ ಮತ್ತು ಕ್ಲೇಟನ್ ಕೌಂಟಿಗಳ ಗಡಿಯ ಮೇಲೆಯೇ ಕುಳಿತಿದೆ. ಅದರ ಸ್ಕೂಲ್ ಡಿಸ್ಟ್ರಿಕ್ಟ್ ಇನ್ನೂ ಎರಡು ಕೌಂಟಿಗಳೊಳಕ್ಕೆ ಚಾಚಿಕೊಂಡಿದೆ. ಸುತ್ತ ಗುಡ್ಡಗಾಡು, ಹೈನುಗಾರಿಕೆ, ಮೆಕ್ಕೆಜೋಳದ ಹೊಲ. ಹಳೆಯ ನಿವಾಸಿಗಳು ಜರ್ಮನ್ ಮತ್ತು ನಾರ್ವೆ ಮೂಲದ ಲೂಥರನ್ (ಪ್ರಾಟೆಸ್ಟೆಂಟ್) ಕ್ರೈಸ್ತರು, ಕ್ಯಾಥೊಲಿಕರು. 1980ರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ ಊರು ಸೊರಗುತ್ತಿತ್ತು, ಅಲ್ಲಿದ್ದ ಮಾಂಸದ ಕಾರ್ಖಾನೆಯೂ ಮುಚ್ಚಿತ್ತು. 1987ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಆರನ್ ರುಬಾಷ್ಕಿನ್ ಎಂಬ ಯಹೂದಿ ಮಾಂಸ ವ್ಯಾಪಾರಿ ಆ ಕಾರ್ಖಾನೆಯನ್ನು ಕೊಂಡು, ಯಹೂದಿ ಧರ್ಮದ ವಿಧಿಯಂತೆ ಕೋಷರ್ ಮಾಂಸ ತಯಾರಿಸುವ ಅಗ್ರಿಪ್ರೊಸೆಸರ್ಸ್ ಕಂಪನಿಯನ್ನು ಶುರುಮಾಡಿದ. ಅವನ ಹಿಂದೆಯೇ ಲುಬಾವಿಚ್ ಪಂಥದ, ಕಟ್ಟಾ ಸಂಪ್ರದಾಯಸ್ಥರಾದ ಹಸಿದಿಕ್ ಯಹೂದಿ ಕುಟುಂಬಗಳು ಬಂದವು. ಬಳಿಕ ಕೆಲಸಗಾರರು ಬಂದರು. ಮೊದಲು ಪೂರ್ವ ಯುರೋಪಿನವರು, ಆಮೇಲೆ ಮೆಕ್ಸಿಕೊದವರು, ಆಮೇಲೆ ಗ್ವಾಟೆಮಾಲಾದವರು.

ಈಗ ಸೆನ್ಸಸ್ ಪಟ್ಟಿ ತೆರೆಯಿರಿ. 2000ದಲ್ಲಿ ಊರಿನ ಜನಸಂಖ್ಯೆ 2,273. 2010ರಲ್ಲಿ 2,227. ಹತ್ತು ವರ್ಷದಲ್ಲಿ 46 ಜನ ಕಡಿಮೆ. ಇದನ್ನಷ್ಟೇ ನೋಡಿದವರು ಅಲ್ಲಿ ಏನೂ ನಡೆದಿಲ್ಲ ಎಂದು ಪುಟ ತಿರುಗಿಸುತ್ತಾರೆ.

ನಡೆದದ್ದು ಇದು. 2008ರ ಮೇ 12ರಂದು ವಲಸೆ ಅಧಿಕಾರಿಗಳು ಹೆಲಿಕಾಪ್ಟರ್‌ಗಳ ಸಮೇತ ಕಾರ್ಖಾನೆಗೆ ಮುತ್ತಿಗೆ ಹಾಕಿ 389 ಕೆಲಸಗಾರರನ್ನು ಬಂಧಿಸಿದರು. ಅವರಲ್ಲಿ ಹೆಚ್ಚಿನವರು ಗ್ವಾಟೆಮಾಲಾದವರು. ವಾಟರ್‌ಲೂ ನಗರದ ದನಗಳ ಪ್ರದರ್ಶನದ ಮೈದಾನವನ್ನೇ ತಾತ್ಕಾಲಿಕ ನ್ಯಾಯಾಲಯ ಮಾಡಿಕೊಂಡು, ಕೆಲವೇ ದಿನಗಳಲ್ಲಿ ಸುಮಾರು ಮುನ್ನೂರು ಜನರಿಗೆ ಶಿಕ್ಷೆ ವಿಧಿಸಿದರು. ದಾಳಿಯ ಮರುದಿನ ಪೋಸ್ಟ್‌ವಿಲ್ ಡಿಸ್ಟ್ರಿಕ್ಟ್‌ನ ಸುಮಾರು 600 ಮಕ್ಕಳಲ್ಲಿ ಅರ್ಧದಷ್ಟು ಮಂದಿ ಶಾಲೆಗೆ ಬರಲಿಲ್ಲ. ಹಲವು ಕುಟುಂಬಗಳು ಸೇಂಟ್ ಬ್ರಿಜೆಟ್ ಚರ್ಚಿನಲ್ಲಿ ಆಶ್ರಯ ಪಡೆದವು. ಸಣ್ಣ ಮಕ್ಕಳಿದ್ದ ಕೆಲವು ತಾಯಂದಿರನ್ನು ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿ ಊರಿಗೆ ಬಿಟ್ಟರು. ಅವರು ದುಡಿಯುವಂತಿರಲಿಲ್ಲ, ಊರು ಬಿಟ್ಟು ಹೋಗುವಂತೆಯೂ ಇರಲಿಲ್ಲ. ನೂರಾರು ಜನ ರಾತ್ರೋರಾತ್ರಿ ಜಾಗ ಖಾಲಿ ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಕಂಪನಿ ದಿವಾಳಿ ಎದ್ದಿತು. ಖಾಲಿಯಾದ ಕೆಲಸಗಳಿಗೆ ಸೊಮಾಲಿಯಾದ ನಿರಾಶ್ರಿತರು ಬಂದರು, ಪೆಸಿಫಿಕ್ ಸಾಗರದ ಪಲಾವು ದ್ವೀಪದಿಂದಲೂ ಜನರನ್ನು ಕರೆತಂದರು. 2009ರಲ್ಲಿ ಕೆನಡಾದ ಉದ್ಯಮಿಯೊಬ್ಬರು ಕಾರ್ಖಾನೆಯನ್ನು ಕೊಂಡು ಅಗ್ರಿ ಸ್ಟಾರ್ ಎಂದು ಹೆಸರಿಟ್ಟು ನಡೆಸತೊಡಗಿದರು.

2000 ಮತ್ತು 2010ರ ನಡುವೆ ಊರಿನ ದೊಡ್ಡದೊಂದು ಪಾಲು ಖಾಲಿಯಾಗಿ ಬೇರೆಯವರಿಂದ ತುಂಬಿಕೊಂಡಿತ್ತು. ಗಣತಿಯವರು ಬಾಗಿಲು ತಟ್ಟಿದ ಎರಡೂ ಸಲ ಒಳಗೆ ಹೆಚ್ಚುಕಡಿಮೆ ಅಷ್ಟೇ ಜನ ಇದ್ದರು, ಅಷ್ಟೇ. 2020ರಲ್ಲಿ ಸಂಖ್ಯೆ 2,503ಕ್ಕೆ ಏರಿತು. ಸಣ್ಣ ಡಿಸ್ಟ್ರಿಕ್ಟ್‌ನ ಒಂದು ವರ್ಷದ ಅಂಕಿಯನ್ನು, ಅಥವಾ ಹತ್ತು ವರ್ಷದ ಅಂತರದ ಎರಡು ಅಂಕಿಗಳನ್ನು ನಂಬಿ ತೀರ್ಮಾನಕ್ಕೆ ಬರಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಎರಡು ಗಣತಿಗಳ ನಡುವೆ ಸೆನ್ಸಸ್ ಬ್ಯೂರೊ ಕೊಡುವ ಸಣ್ಣ ಊರುಗಳ ಅಂದಾಜು ಕೂಡ ಐದು ವರ್ಷಗಳ ಮಾದರಿ ಸಮೀಕ್ಷೆಯ ಸರಾಸರಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ದೋಷದ ಮಿತಿ ಕೆಲವೊಮ್ಮೆ ಅಂದಾಜಿನ ಅರ್ಧದಷ್ಟಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ದಯವಿಟ್ಟು ನೀವು ಓದಿ.

ಇನ್ನು ನಿಮ್ಮನ್ನು ಹೆಚ್ಚು ಕಾಡಿದ ವಿಷಯ, ಊಟದ ಪಟ್ಟಿ ಮತ್ತು ಬಡತನದ ನಡುವಿನ ಅಂತರ. ಇದಕ್ಕೆ ಸಂಸಾರವೊಂದರ ಲೆಕ್ಕ ಹಾಕಿದರೆ ಸಾಕು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ದುಡಿಯುವವರು ಒಬ್ಬರೇ, ಮಾಂಸದ ಕಾರ್ಖಾನೆಯಲ್ಲಿ. ಕೂಲಿ ಗಂಟೆಗೆ 20 ಡಾಲರ್ ಎಂದಿಟ್ಟುಕೊಳ್ಳಿ. ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ, ಒಂದು ದಿನವೂ ತಪ್ಪಿಸದೆ ಹೋದರೆ 41,600 ಡಾಲರ್. ನಾಲ್ಕು ಜನರ ಕುಟುಂಬಕ್ಕೆ 2025ರ ಒಕ್ಕೂಟ ಸರ್ಕಾರದ ಬಡತನದ ಮಿತಿ 32,150 ಡಾಲರ್. ಆದ್ದರಿಂದ ಈ ಮನೆ ಬಡ ಮನೆಯಲ್ಲ. ಆದರೆ ಶಾಲೆಯ ಉಚಿತ ಊಟಕ್ಕೆ ಅಳತೆಗೋಲು ಬೇರೆ. ಬಡತನದ ಮಿತಿಯ ಶೇ 130ರವರೆಗೆ ಆದಾಯ ಇದ್ದರೆ ಊಟ ಉಚಿತ, ಶೇ 185ರವರೆಗೆ ರಿಯಾಯಿತಿ. ಆ ಲೆಕ್ಕದಲ್ಲಿ ಉಚಿತ ಊಟದ ಗೆರೆ 41,795 ಡಾಲರ್‌ಗೆ ಬೀಳುತ್ತದೆ, ರಿಯಾಯಿತಿಯ ಗೆರೆ 59,478ಕ್ಕೆ. ನಮ್ಮ ಕೆಲಸಗಾರನ ಮಕ್ಕಳಿಗೆ ಪೂರ್ತಿ ಉಚಿತ ಊಟ ಸಿಗುತ್ತದೆ, 195 ಡಾಲರ್ ಅಂತರದಲ್ಲಿ! ಸೆನ್ಸಸ್‌ನ ಬಡತನದ ಗೆರೆಯೂ 32,150ರ ಆಸುಪಾಸಿನಲ್ಲೇ ಇರುವುದರಿಂದ ಅಲ್ಲಿ ಅದೇ ಮಕ್ಕಳು ಬಡವರಲ್ಲದವರ ಸಾಲಿಗೆ ಸೇರುತ್ತಾರೆ. ಎರಡೂ ಸರಿ.

ಇದೇ ಮನೆಯಲ್ಲಿ ಇಬ್ಬರ ಬದಲು ನಾಲ್ವರು ಮಕ್ಕಳಿದ್ದಾರೆ ಎನ್ನಿ. ಆರು ಜನರ ಕುಟುಂಬಕ್ಕೆ ಬಡತನದ ಮಿತಿ 43,150. ಅದೇ ಕೂಲಿ, ಅದೇ ಪಾಳಿ, ಅದೇ ಕತ್ತಿ, ಆದರೆ ಕುಟುಂಬ ಈಗ ಅಧಿಕೃತವಾಗಿ ಬಡ ಕುಟುಂಬ. ಹೆಂಡತಿಯೂ ಅದೇ ಕಾರ್ಖಾನೆಗೆ ಪೂರ್ತಿ ಪಾಳಿಗೆ ಸೇರಿದರೆ ಆದಾಯ 83,200ಕ್ಕೆ ಏರಿ ಎರಡೂ ಪಟ್ಟಿಗಳಿಂದ ಹೆಸರು ಹೊರಬೀಳುತ್ತದೆ. ಕಾರ್ಖಾನೆಯ ಊರುಗಳಲ್ಲಿ ಬಹಳಷ್ಟು ಮನೆಗಳು ಈ ಗೆರೆಗಳ ಅಕ್ಕಪಕ್ಕದಲ್ಲೇ ಬದುಕುತ್ತವೆ. ಓವರ್‌ಟೈಮ್ ಸಿಕ್ಕಿದ ವರ್ಷ ಅತ್ತ, ಸಿಗದ ವರ್ಷ ಇತ್ತ.

ಇದರ ಮೇಲೆ ಇನ್ನೊಂದು ಸುತ್ತು ಇದೆ. ಹಲವು ಡಿಸ್ಟ್ರಿಕ್ಟ್‌ಗಳು ಈಗ ಊಟದ ಅರ್ಜಿಯನ್ನೇ ಕೇಳುವುದಿಲ್ಲ. 2010ರ ಕಾಯ್ದೆಯಡಿ ಬಂದು 2014ರಿಂದ ದೇಶದಾದ್ಯಂತ ಜಾರಿಯಾದ ವ್ಯವಸ್ಥೆಯೊಂದರ ಪ್ರಕಾರ, ಆಹಾರ ನೆರವಿನಂಥ ಸರ್ಕಾರಿ ಯೋಜನೆಗಳ ಮೂಲಕ ನೇರವಾಗಿ ಗುರುತಿಸಲಾದ ಮಕ್ಕಳು ಒಂದು ಪ್ರಮಾಣ ಮೀರಿದರೆ ಶಾಲೆ ಎಲ್ಲರಿಗೂ ಉಚಿತ ಊಟ ಹಾಕಬಹುದು. ಆ ಪ್ರಮಾಣ ಮೊದಲು ಶೇ 40 ಇತ್ತು, 2023ರಲ್ಲಿ ಶೇ 25ಕ್ಕೆ ಇಳಿಸಿದರು. ಗುರುತಿಸಲಾದವರ ಸಂಖ್ಯೆಯನ್ನು 1.6ರಿಂದ ಗುಣಿಸಿ ಅಷ್ಟು ಊಟಗಳಿಗೆ ಉಚಿತ ಊಟದ ದರದಲ್ಲಿ ಕೇಂದ್ರ ಹಣ ಕೊಡುತ್ತದೆ. ಇಂಥ ಶಾಲೆಯ ವರದಿಯಲ್ಲಿ ಒಮ್ಮೊಮ್ಮೆ ಶೇ 100 ಎಂದೇ ಅಚ್ಚಾಗುತ್ತದೆ, ಆಗ ವೈದ್ಯರ ಮಗಳೂ ಬಡವಳ ಲೆಕ್ಕಕ್ಕೆ ಸೇರುತ್ತಾಳೆ! ತದ್ವಿರುದ್ಧವೂ ಉಂಟು. ಅರ್ಜಿ ಕೇಳುವ ಕಡೆ ಕಾಗದಪತ್ರ ಸರಿಯಿಲ್ಲದ ಪೋಷಕರು ಸರ್ಕಾರದ ಯಾವ ಫಾರಂಗೂ ಸಹಿ ಹಾಕಲು ಹೆದರುತ್ತಾರೆ, ಹಸಿದ ಮಗು ಪಟ್ಟಿಯ ಹೊರಗೆ ಉಳಿಯುತ್ತದೆ. ನಿಮ್ಮ ಡಿಸ್ಟ್ರಿಕ್ಟ್ ಈ ಎರಡರಲ್ಲಿ ಯಾವ ಪದ್ಧತಿಯಲ್ಲಿದೆ ಎಂದು ಕಚೇರಿಗೆ ಫೋನ್ ಮಾಡಿದರೆ ಒಂದೇ ನಿಮಿಷದಲ್ಲಿ ಹೇಳುತ್ತಾರೆ. ಅದು ಗೊತ್ತಾಗದೆ ಮುಕ್ಕಾಲು ಪಾಲು ಎಂಬ ಮಾತಿಗೆ ಅರ್ಥವಿಲ್ಲ.

ಏಳರಲ್ಲಿ ಒಬ್ಬರು ಎಂಬ ಬಡತನದ ಅಂಕಿ ಬಂದಿರುವುದು ಬಹುಶಃ ಸೆನ್ಸಸ್ ಬ್ಯೂರೊ ಪ್ರತಿವರ್ಷ ಪ್ರತಿ ಡಿಸ್ಟ್ರಿಕ್ಟ್‌ಗೂ ಮಾಡುವ ಅಂದಾಜಿನಿಂದ. ಅದು ತಲೆಎಣಿಕೆಯಲ್ಲ, ತೆರಿಗೆ ದಾಖಲೆ, ಸಮೀಕ್ಷೆ ಮೊದಲಾದವನ್ನು ಸೇರಿಸಿ ಕಟ್ಟಿದ ಲೆಕ್ಕ. ಡಿಸ್ಟ್ರಿಕ್ಟ್‌ನ ಗಡಿಯೊಳಗೆ ವಾಸಿಸುವ 5ರಿಂದ 17 ವರ್ಷದ ಎಲ್ಲ ಮಕ್ಕಳೂ ಅದರಲ್ಲಿ ಬರುತ್ತಾರೆ, ಯಾವ ಶಾಲೆಗೆ ಹೋದರೂ ಸರಿ. ಪೋಸ್ಟ್‌ವಿಲ್‌ನಲ್ಲಿ ಹಸಿದಿಕ್ ಕುಟುಂಬಗಳು ದೊಡ್ಡವು, ಆದರೆ ಅವರ ಮಕ್ಕಳು ಓದುವುದು ತಮ್ಮದೇ ಧಾರ್ಮಿಕ ಶಾಲೆಗಳಲ್ಲಿ. ವಾಸದ ಲೆಕ್ಕದಲ್ಲಿ ಅವರು ಇದ್ದಾರೆ, ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಇಲ್ಲ. ಇದಲ್ಲದೆ ಅಯೋವಾದಲ್ಲಿ 1989ರಿಂದ ಮುಕ್ತ ದಾಖಲಾತಿ ಇದೆ. ಪೋಷಕರು ಪಕ್ಕದ ಡಿಸ್ಟ್ರಿಕ್ಟ್‌ನ ಶಾಲೆಗೆ ಮಗುವನ್ನು ಸೇರಿಸಬಹುದು, ಹಣ ಮಗುವಿನ ಹಿಂದೆ ಹೋಗುತ್ತದೆ. 2023ರ ಕಾಯ್ದೆಯ ನಂತರ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಸರ್ಕಾರದ ಹಣ ಹೋಗತೊಡಗಿದೆ. ಶಾಲೆಯ ಬಣ್ಣ ಬದಲಾಗುತ್ತಿದೆ ಎಂದು ಕಂಡಾಗ ಯಾರು ಯಾವ ಕಡೆಗೆ ಬಸ್ ಹತ್ತುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಊರು ಹೆಚ್ಚಾಗಿ ಬಿಳಿಯ, ಶಾಲೆ ಹೆಚ್ಚಾಗಿ ಹಿಸ್ಪಾನಿಕ್ ಎಂಬ ನಿಮ್ಮ ಅಚ್ಚರಿಗೆ ಉತ್ತರದ ಒಂದು ಭಾಗ ಇಲ್ಲಿದೆ. ದೊಡ್ಡ ಭಾಗ ಮಾತ್ರ ವಯಸ್ಸಿನದು. ಹಳೆಯ ನಿವಾಸಿಗಳ ಮಕ್ಕಳು ದೊಡ್ಡವರಾಗಿ ಡಿಮೊಯ್ನ್, ಮಿನಿಯಾಪೊಲಿಸ್ ನಗರಗಳನ್ನು ಸೇರಿದ್ದಾರೆ. ಊರಲ್ಲಿ ಉಳಿದವರು ಅಜ್ಜ ಅಜ್ಜಿಯರು. ಮಕ್ಕಳು ಹುಟ್ಟುತ್ತಿರುವುದು ಹೊಸಬರ ಮನೆಗಳಲ್ಲಿ.

ಈ ಬಡತನದ ಅಂದಾಜು ಬರೀ ಓದಿ ಬಿಡುವ ಅಂಕಿಯಲ್ಲ, ಅದರ ಮೇಲೆ ದುಡ್ಡು ನಿಂತಿದೆ. 1965ರ ಶಿಕ್ಷಣ ಕಾಯ್ದೆಯಡಿ ಬಡ ಮಕ್ಕಳ ಓದಿಗೆ ಕೊಡುವ ಟೈಟಲ್ ಒನ್ ಅನುದಾನ ಹಂಚುವುದು ಮುಖ್ಯವಾಗಿ ಇದರ ಆಧಾರದಲ್ಲೇ. ಬಡ ಗ್ರಾಮೀಣ ಡಿಸ್ಟ್ರಿಕ್ಟ್‌ಗಳಿಗೆ ಮೀಸಲಾದ ಇನ್ನೊಂದು ಅನುದಾನ ಸಿಗಬೇಕಾದರೆ ಶೇ 20ರಷ್ಟು ಮಕ್ಕಳಾದರೂ ಬಡವರಾಗಿರಬೇಕು ಎಂಬ ಮಿತಿ ಇದೆ. ನಿಮ್ಮ ಡಿಸ್ಟ್ರಿಕ್ಟ್ ಆ ಮಿತಿಗಿಂತ ಕೆಳಗಿದೆ, ಏಳರಲ್ಲಿ ಒಬ್ಬರು ಎಂದರೆ ಸುಮಾರು ಶೇ 14. ಊಟದ ಕೋಣೆಯಲ್ಲಿ ಮುಕ್ಕಾಲು ಪಾಲು ಮಕ್ಕಳು ಕಷ್ಟದಲ್ಲಿದ್ದಾರೆ, ಆದರೆ ವಾಷಿಂಗ್ಟನ್ನಿನ ಅಳತೆಗೋಲಿಗೆ ಅವರು ಸಾಲುವಷ್ಟು ಬಡವರಲ್ಲ. ದುಡಿದೂ ಗೆರೆಯ ಮೇಲಷ್ಟೇ ತೇಲುವ ಕುಟುಂಬಗಳ ಊರುಗಳಿಗೆ ಇದು ಸದಾ ಆಗುವ ಅನ್ಯಾಯ ಎಂಬುದು ನನ್ನ ಅಭಿಪ್ರಾಯ.

ಮನೆಗಳ ಆದಾಯ ಕಡಿಮೆಯಿಲ್ಲ ಎಂದಿದ್ದೀರಿ. ಸೆನ್ಸಸ್‌ನಲ್ಲಿ ಮನೆ ಎಂದರೆ ಒಂದು ಸೂರಿನಡಿ ಇರುವ ಎಲ್ಲರೂ. ಬಾಡಿಗೆ ಮನೆಯೊಂದರಲ್ಲಿ ಸಂಬಂಧಿಗಳಲ್ಲದ ನಾಲ್ವರು ಕೆಲಸಗಾರರು ಇದ್ದರೆ ನಾಲ್ವರ ಸಂಬಳವೂ ಸೇರಿ ಆ ಮನೆ ಅನುಕೂಲಸ್ಥರ ಮನೆಯಂತೆ ಕಾಣುತ್ತದೆ. ಬಡತನ ಅಳೆಯುವಾಗ ಮಾತ್ರ ಸಂಬಂಧಿಗಳಲ್ಲದವರನ್ನು ಬೇರೆ ಬೇರೆ ಹಿಡಿಯುತ್ತಾರೆ. ಆ ನಾಲ್ವರ ಸಂಬಳದಲ್ಲಿ ಎಷ್ಟು ಪಾಲು ಗ್ವಾಟೆಮಾಲಾಕ್ಕೆ ಹೋಗುತ್ತದೆ ಎಂಬುದು ಯಾವ ಕಾಲಂನಲ್ಲೂ ಇಲ್ಲ. ಇನ್ನೊಂದು ತುದಿಯಲ್ಲಿ ಎಂಬತ್ತು ದಾಟಿದ ವಿಧವೆ ರೈತಮಹಿಳೆ. ಆಕೆಯ ವರಮಾನ ಪಿಂಚಣಿಯಷ್ಟೇ, ಆದರೆ ಹೆಸರಿನಲ್ಲಿ ನೂರಾರು ಎಕರೆ. ಆದಾಯದ ಪಟ್ಟಿಯಲ್ಲಿ ಆಕೆ ಕೆಳಗೆ, ಕೆಲಸಗಾರರ ಮನೆ ಮೇಲೆ.

ಜನಾಂಗದ ಕಾಲಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಅಷ್ಟು ಒರಟು. ಪೋಸ್ಟ್‌ವಿಲ್‌ಗೆ ಬಂದ ಗ್ವಾಟೆಮಾಲಾದವರಲ್ಲಿ ಅನೇಕರ ಮನೆಮಾತು ಕಕ್ಚಿಕೆಲ್, ಮಾಯಾ ಭಾಷೆಗಳಲ್ಲೊಂದು. ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆ. ಅವರ ಮಕ್ಕಳು ಹಿಸ್ಪಾನಿಕ್ ಕಾಲಂನಲ್ಲಿ ಬರುತ್ತಾರೆ, ಸ್ಪ್ಯಾನಿಷ್ ಬಲ್ಲ ಸಹಾಯಕಿಯನ್ನು ನೇಮಿಸಿ ಶಾಲೆ ಕೆಲಸ ಮುಗಿಯಿತು ಎಂದುಕೊಳ್ಳುತ್ತದೆ. ಸೊಮಾಲಿಯಾದ ಮೊಗದಿಶುವಿನಿಂದ ಬಂದ ಮಗು ಮತ್ತು ಷಿಕಾಗೊದಲ್ಲಿ ತಲೆಮಾರುಗಳಿಂದ ಇರುವ ಕರಿಯರ ಮಗು ಒಂದೇ ಕಾಲಂ. ಹಸಿದಿಕ್ ಯಹೂದಿಯೂ ಲೂಥರನ್ ರೈತನೂ ಒಂದೇ ಕಾಲಂ. ನಿಮ್ಮ ಮಕ್ಕಳು ಏಷ್ಯನ್ ಎಂಬ ಸಾಲಿಗೆ ಬೀಳುತ್ತಾರೆ, ಆದರೆ ಅಷ್ಟು ಸಣ್ಣ ಗುಂಪಿನ ಅಂಕಗಳನ್ನು ಗೋಪ್ಯತೆಯ ಕಾರಣಕ್ಕೆ ಪ್ರಕಟಿಸುವುದಿಲ್ಲ. ವರದಿಯಲ್ಲಿ ಆ ಜಾಗದಲ್ಲಿ ನಕ್ಷತ್ರದ ಗುರುತೊಂದು ಇರುತ್ತದೆ.

ದುಡ್ಡಿನ ಕಡೆಗೆ ಬರೋಣ, ಏಕೆಂದರೆ ಶಾಲೆಯ ನಾಳೆಗಳು ನಿರ್ಧಾರವಾಗುವುದು ಅಲ್ಲಿ. ಅಯೋವಾದಲ್ಲಿ ಪ್ರತಿ ಡಿಸ್ಟ್ರಿಕ್ಟ್ ತನ್ನ ಆಸ್ತಿಗಳ ಮೇಲೆ ಸಾವಿರ ಡಾಲರ್ ತೆರಿಗೆ ಮೌಲ್ಯಕ್ಕೆ 5.40 ಡಾಲರ್‌ನ ಏಕರೂಪದ ತೆರಿಗೆ ಹಾಕುತ್ತದೆ. ಅದು ಸಾಲದಿದ್ದಲ್ಲಿ, ಪ್ರತಿ ಮಗುವಿಗೆ ನಿಗದಿಯಾದ ವೆಚ್ಚದ ಬಹುಪಾಲನ್ನು ರಾಜ್ಯ ತುಂಬುತ್ತದೆ. 2024–25ರಲ್ಲಿ ಆ ವೆಚ್ಚ ಮಗುವಿಗೆ 7,826 ಡಾಲರ್. ಹೊಲ ಜಾಸ್ತಿ ಇರುವ ಡಿಸ್ಟ್ರಿಕ್ಟ್ ಶ್ರೀಮಂತ ಎಂದು ತೋರುತ್ತದೆ. ಆದರೆ ಕೃಷಿಭೂಮಿಗೆ ತೆರಿಗೆ ಹಾಕುವಾಗ ಮಾರುಕಟ್ಟೆ ಬೆಲೆ ನೋಡುವುದಿಲ್ಲ, ಐದು ವರ್ಷಗಳ ಉತ್ಪಾದಕತೆಯ ಸರಾಸರಿಯನ್ನು ನೋಡುತ್ತಾರೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಮೀಕ್ಷೆಯಂತೆ 2024ರಲ್ಲಿ ರಾಜ್ಯದ ಸರಾಸರಿ ಎಕರೆ ಬೆಲೆ 11,467 ಡಾಲರ್. ಅದೇ ವಿಶ್ವವಿದ್ಯಾಲಯದ 2022ರ ಇನ್ನೊಂದು ಸಮೀಕ್ಷೆ ಹೇಳುವುದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ: ರಾಜ್ಯದ ಕೃಷಿಭೂಮಿಯಲ್ಲಿ ಶೇ 66ರಷ್ಟು 65 ದಾಟಿದವರ ಒಡೆತನದಲ್ಲಿದೆ, ಅರ್ಧಕ್ಕಿಂತ ಹೆಚ್ಚು ಭೂಮಿ ಗುತ್ತಿಗೆಯಲ್ಲಿದೆ. ಶಾಲೆಗೆ ತೆರಿಗೆ ಕಟ್ಟುವ ಭೂಮಿಯ ಒಡೆಯರ ಮಕ್ಕಳು ಆ ಶಾಲೆ ಬಿಟ್ಟು ದಶಕಗಳಾಗಿವೆ. ಕೆಲವರು ಅರಿಜೋನಾದಲ್ಲಿ ಚಳಿಗಾಲ ಕಳೆಯುತ್ತಾರೆ.

ಮತದ ವಿಷಯವೂ ಹೀಗೆಯೇ. ಹೊಸ ಶಾಲಾ ಕಟ್ಟಡಕ್ಕೆ ಬಾಂಡ್ ಮೂಲಕ ಸಾಲ ಎತ್ತಬೇಕಾದರೆ ಅಯೋವಾದಲ್ಲಿ ಬರಿಯ ಬಹುಮತ ಸಾಲದು, ಶೇ 60 ಮತ ಬೇಕು. ನಾಗರಿಕರಲ್ಲದವರಿಗೆ ಮತವಿಲ್ಲ. ಮಕ್ಕಳನ್ನು ಕಳಿಸುವವರು ಒಬ್ಬರು, ಮತ ಹಾಕುವವರು ಇನ್ನೊಬ್ಬರು. ಹೀಗಿದ್ದೂ ಬಾಂಡ್ ಗೆದ್ದಿರುವ ಊರು ಕಂಡರೆ ನಾನು ಅದಕ್ಕೆ ಯಾವ ಪರೀಕ್ಷಾ ಫಲಿತಾಂಶಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ತಮ್ಮ ಮೊಮ್ಮಕ್ಕಳಲ್ಲದ ಮಕ್ಕಳಿಗಾಗಿ ಮುದುಕರು ತೆರಿಗೆ ಏರಿಸಿಕೊಂಡಿದ್ದಾರೆ ಎಂದರೆ ಆ ಊರಿನಲ್ಲಿ ಏನೋ ಸರಿಯಿದೆ. ಕಳೆದ ಹತ್ತು ವರ್ಷದ ಬಾಂಡ್ ಚುನಾವಣೆಗಳ ಫಲಿತಾಂಶ ಚುನಾವಣೆ ನಡೆಸುವ ಕೌಂಟಿ ಆಡಿಟರ್ ಕಚೇರಿಯಲ್ಲಿ ಸಿಗುತ್ತದೆ, ಹುಡುಕಿ ನೋಡಿ.

ಮಕ್ಕಳ ಅಧಿಕೃತ ಎಣಿಕೆ ನಡೆಯುವುದು ವರ್ಷಕ್ಕೊಂದು ದಿನ, ಅಕ್ಟೋಬರ್ 1ರಂದು. ಆ ಸಂಖ್ಯೆಯ ಮೇಲೆ ಮುಂದಿನ ವರ್ಷದ ಹಣ. ಇಪ್ಪತ್ತು ಮಕ್ಕಳು ಕಡಿಮೆಯಾದರೆ ಒಂದೂವರೆ ಲಕ್ಷ ಡಾಲರ್ ಹೋಯಿತು, ಸಂಬಳ ಸವಲತ್ತು ಸೇರಿದರೆ ಹೆಚ್ಚುಕಡಿಮೆ ಇಬ್ಬರು ಶಿಕ್ಷಕರು. ಪೋಸ್ಟ್‌ವಿಲ್‌ನ ದಾಳಿ ನಡೆದದ್ದು ಮೇ ತಿಂಗಳಲ್ಲಿ, ಹಿಂದಿನ ಅಕ್ಟೋಬರಿನ ಎಣಿಕೆಯಾದ ಮೇಲೆ. ಹಣ ತಕ್ಷಣ ನಿಲ್ಲುವುದಿಲ್ಲ, ಹೊಡೆತ ತಡವಾಗಿ ಬೀಳುತ್ತದೆ. ಹಾಗೆ ಬಿದ್ದಾಗ ಹಿಂದಿನ ವರ್ಷದ ಬಜೆಟ್‌ನ ಶೇ 101ರವರೆಗೆ ತುಂಬಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ, ಆದರೆ ಅದು ಬರುವುದು ಮತ್ತೆ ಅದೇ ಆಸ್ತಿ ತೆರಿಗೆಯಿಂದ. ಕಾರ್ಖಾನೆಯ ಒಂದು ಪಾಳಿ ನಿಂತರೆ ತೆರಿಗೆಯ ಭಾರ ಹೊಲದ ಮೇಲೆ ಬೀಳುತ್ತದೆ.

ಹಾಗಾದರೆ ಕಾರ್ಖಾನೆಯಿಲ್ಲದ ಪಕ್ಕದ ಡಿಸ್ಟ್ರಿಕ್ಟ್ ಮೇಲಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಊಟದ ಪಟ್ಟಿ ಸಣ್ಣದು, ಪರೀಕ್ಷೆಯ ಅಂಕ ಚೆನ್ನ. ಆದರೆ ಕಿಂಡರ್‌ಗಾರ್ಟನ್‌ಗೆ ಎಷ್ಟು ಮಕ್ಕಳು ಬಂದಿದ್ದಾರೆ, ಹನ್ನೆರಡನೆಯ ತರಗತಿಯಿಂದ ಎಷ್ಟು ಮಕ್ಕಳು ಹೊರಹೋಗುತ್ತಿದ್ದಾರೆ ಎಂದು ನೋಡಿ. ಒಳಬರುವವರಿಗಿಂತ ಹೊರಹೋಗುವವರು ಬಹಳ ಹೆಚ್ಚಿದ್ದರೆ ಆ ಡಿಸ್ಟ್ರಿಕ್ಟ್ ನಿಧಾನವಾಗಿ ಮುಚ್ಚುತ್ತಿದೆ. ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಸುಮಾರು 1,27,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿದ್ದವು, ಈಗ ಉಳಿದಿರುವುದು ಸುಮಾರು 13,000. ಪೋಸ್ಟ್‌ವಿಲ್‌ನ ನೆರೆಯ ಎಂಎಫ್‌ಎಲ್ ಮಾರ್‌ಮ್ಯಾಕ್ ಡಿಸ್ಟ್ರಿಕ್ಟ್ ಐದು ಊರುಗಳು ಒಂದಾಗಿ ಉಳಿದುಕೊಂಡದ್ದು. ಇನ್ನು ಹಲವು ಕಡೆ ಎರಡು ಡಿಸ್ಟ್ರಿಕ್ಟ್‌ಗಳಿಗೆ ಒಬ್ಬರೇ ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟ್‌ನ ಮುಖ್ಯ ಅಧಿಕಾರಿ), ಒಂದೇ ಫುಟ್‌ಬಾಲ್ ತಂಡ, ಎಂಟನೆಯ ತರಗತಿಯವರೆಗೆ ಇಲ್ಲಿ, ಆಮೇಲೆ ಅಲ್ಲಿ. ವಲಸಿಗರ ಮಕ್ಕಳು ಬಂದ ಕಡೆ ಶಾಲೆ ತನ್ನ ಊರಿನಲ್ಲೇ, ತನ್ನ ಹೆಸರಿನಲ್ಲೇ ಉಳಿದಿದೆ. ಊರಿನ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು, ಎಲ್ಲರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಅಂಕಗಳ ವಿಷಯಕ್ಕೆ ಒಂದೇ ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ದೇಶದ ಸಾವಿರಾರು ಡಿಸ್ಟ್ರಿಕ್ಟ್‌ಗಳ ಪರೀಕ್ಷಾ ಅಂಕಗಳನ್ನು ಒಂದೇ ಅಳತೆಗೆ ತಂದು ಹೋಲಿಸಿದರು. ಸರಾಸರಿ ಅಂಕ ಪೋಷಕರ ಸ್ಥಿತಿಗತಿಯನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಆದರೆ ಮೂರನೆಯ ತರಗತಿಯಿಂದ ಎಂಟನೆಯದರವರೆಗೆ ಮಗು ಎಷ್ಟು ಮುಂದೆ ಹೋಗುತ್ತದೆ ಎಂಬುದಕ್ಕೂ ಊರಿನ ಸಿರಿತನಕ್ಕೂ ಸಂಬಂಧ ತೀರ ಕಡಿಮೆ ಎಂದು ಅವರಿಗೆ ಕಂಡಿತು. ನೀವು ನೋಡಬೇಕಾದ್ದು ಆ ಬೆಳವಣಿಗೆಯ ಅಂಕಿಯನ್ನು. ಅಯೋವಾದ ಶಿಕ್ಷಣ ಇಲಾಖೆ ಪ್ರತಿ ಶಾಲೆಗೂ ಅದನ್ನು ಪ್ರಕಟಿಸುತ್ತದೆ. ಕಳೆದ ವರ್ಷವಷ್ಟೇ ಗ್ವಾಟೆಮಾಲಾದಿಂದ ಬಂದ ಹತ್ತು ವರ್ಷದ ಹುಡುಗ ಇಂಗ್ಲಿಷ್ ಓದಿನಲ್ಲಿ ಫೇಲಾದರೆ ಅದು ನಿಮ್ಮ ಮಗಳ ಶಿಕ್ಷಕಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮನೆ ಹುಡುಕಲು ಹೋದಾಗ ಸೂಪರಿಂಟೆಂಡೆಂಟರನ್ನು ಭೇಟಿ ಮಾಡಿ, ಸಣ್ಣ ಊರಿನಲ್ಲಿ ಅವರು ಸಿಗುತ್ತಾರೆ. ಐದು ವರ್ಷದ ಅಕ್ಟೋಬರ್ ಎಣಿಕೆ ಕೇಳಿ. ಇಂಗ್ಲಿಷ್ ಕಲಿಸಲು ತರಬೇತಿ ಪಡೆದ ಶಿಕ್ಷಕರು ಎಷ್ಟು ಜನ, ಅವರು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ವರ್ಷದ ನಡುವೆ ಸೇರುವ, ಬಿಡುವ ಮಕ್ಕಳು ಎಷ್ಟು ಎಂದು ಕೇಳಿ. ಈ ಕೊನೆಯದಕ್ಕೆ ತಟ್ಟನೆ ಉತ್ತರ ಕೊಡುವವರು ತಮ್ಮ ಶಾಲೆಯನ್ನು ಬಲ್ಲವರು. ನಿಮ್ಮ ಕುಟುಂಬವೂ ಆ ಬಂದು ಹೋಗುವವರ ಲೆಕ್ಕದಲ್ಲೇ ಇದೆ ಎಂಬುದು ನೆನಪಿರಲಿ. ನಿಮ್ಮ ಪತಿಯನ್ನು ಕರೆಸಿಕೊಳ್ಳುವ ವೀಸಾ ವಿನಾಯಿತಿಯಲ್ಲಿ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ವೈದ್ಯರು, ಮೂರು ವರ್ಷದ ಕಡ್ಡಾಯ ಸೇವೆ. ಬಹಳಷ್ಟು ಮಂದಿ ಅವಧಿ ಮುಗಿದ ಕೂಡಲೇ ನಗರಕ್ಕೆ ಹೊರಡುತ್ತಾರೆ ಎಂದು ಊರಿನವರಿಗೆ ಅನುಭವದಿಂದ ಗೊತ್ತಿದೆ.

ದಾಖಲಾತಿಯ ದಿನ ಒಂದು ಫಾರಂ ಕೊಡುತ್ತಾರೆ: ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಮಗು ಮೊದಲು ಕಲಿತ ಭಾಷೆ ಯಾವುದು. ಕನ್ನಡ ಎಂದು ಬರೆದರೆ ಮಕ್ಕಳಿಗೆ ಇಂಗ್ಲಿಷ್ ಸಾಮರ್ಥ್ಯದ ಒಂದು ಪರೀಕ್ಷೆ ನಡೆಸುತ್ತಾರೆ. ಅದಕ್ಕೆ ಹೆದರಿ ನಮ್ಮವರು ಅನೇಕರು ಇಂಗ್ಲಿಷ್ ಎಂದೇ ತುಂಬುತ್ತಾರೆ, ಅದೇ ಸಂಕೋಚದಲ್ಲಿ ಕಕ್ಚಿಕೆಲ್ ಮಾತಾಡುವ ತಾಯಿ ಸ್ಪ್ಯಾನಿಷ್ ಎಂದು ತುಂಬುತ್ತಾಳೆ. ನೀವು ಕನ್ನಡ ಎಂದೇ ಬರೆಯಿರಿ. ಮಗಳು ಪರೀಕ್ಷೆಯಲ್ಲಿ ಪಾಸಾದರೆ ವಿಷಯ ಅಲ್ಲಿಗೆ ಮುಗಿಯಿತು. ಐದು ವರ್ಷದ ಮಗನಿಗೆ ಸಹಾಯ ಬೇಕು ಎಂದು ಬಂದರೆ ಅವನಿಗೆ ಅದು ಪುಕ್ಕಟೆಯಾಗಿ ಸಿಗುತ್ತದೆ, ಡಿಸ್ಟ್ರಿಕ್ಟ್‌ಗೆ ಅವನ ಹೆಸರಿನಲ್ಲಿ ಸ್ವಲ್ಪ ಹೆಚ್ಚಿನ ಹಣವೂ ಬರುತ್ತದೆ.